ಅಣುವಿದ್ಯುತ್ತು ಸುಸ್ಥಿರವೇ? ಕೈಗಾವನ್ನು ಮುಂದಿಟ್ಟುಕೊಂಡು ಒಂದು ಲೆಕ್ಕ

ಪ್ರಶ್ನೆ: ನಾನು ಶಿರಸಿ ಸಮೀಪದ ಅಡಿಕೆ ಬೆಳೆಗಾರ. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿ ನಮ್ಮ ಕ್ಷೇತ್ರದಿಂದ ನಿಂತಾಗ ಅವರ ಪರವಾಗಿ ಗೋಡೆಗಳಿಗೆ ಭಿತ್ತಿಪತ್ರ ಹಚ್ಚಿದವರಲ್ಲಿ ನಾನೂ ಒಬ್ಬ. ಮಗಳು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿದ್ದಾಳೆ. ಹಬ್ಬಕ್ಕೆ ಮನೆಗೆ ಬಂದಾಗಲೆಲ್ಲ, ‘ಅಪ್ಪಯ್ಯ, ಮಳೆ ಬೆಳೆ ಹಿಂದಿನಂತೆ ಇರಬೇಕೆಂದರೆ ಕಲ್ಲಿದ್ದಲು ಬಿಡಬೇಕು. ಅದಕ್ಕೆ ಅಣುವಿದ್ಯುತ್ತೇ ದಾರಿ. ನೀನು ಆಗ ವಿರೋಧಿಸಿದ್ದು ತಪ್ಪು’ ಎನ್ನುತ್ತಾಳೆ. ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಅವಳ ಅಂಕಿಗಳಿಗೆ ಉತ್ತರ ಕೊಡಲೂ ಬರುವುದಿಲ್ಲ. ಅಣುವಿದ್ಯುತ್ತು ನಿಜಕ್ಕೂ ಸುಸ್ಥಿರವೇ? ಕೈಗಾ ಮುಚ್ಚುವ ದಿನ ಏನಾಗುತ್ತದೆ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು. ನಮ್ಮ ಮನೆಯಲ್ಲಿ ಇದೇ ಜಗಳ ತಿರುಗುಮುರುಗಾಗಿ ನಡೆಯುತ್ತದೆ. ವಿದ್ಯುತ್ ಜಾಲದ ಕೆಲಸದಲ್ಲಿ ಜೀವ ಸವೆಸಿದ ನಾನು ಕೈಗಾದ ಪರ, ಮಗ ವಿರುದ್ಧ. ಹಾಗಾಗಿ ನನ್ನ ಒಲವು ಯಾವ ಕಡೆಗೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವಾಗ ಅಷ್ಟನ್ನು ಕಳೆದು ಓದಿಕೊಳ್ಳಿ.

‘ಸುಸ್ಥಿರ’ ಎನ್ನುವುದು ಪತ್ರಿಕೆಗಳು ಹುಟ್ಟುಹಾಕಿದ ಪದ. ಅದರ ಹಿಂದಿನ ವಿಚಾರ ಮಾತ್ರ ನಿಮ್ಮಂಥ ಕೃಷಿಕರಿಗೆ ಹೊಸದಲ್ಲ. ಬಿತ್ತನೆ ಬೀಜ ಕುಟ್ಟಿ ತಿನ್ನಬಾರದು, ಉಂಡವನೇ ಎಲೆ ಎತ್ತಬೇಕು. ಈ ಎರಡು ಮಾತುಗಳನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಸಾಕು, ಹತ್ತು ವರದಿಗಳನ್ನು ಓದುವ ಅಗತ್ಯ ಇಲ್ಲ. ಮೊದಲನೆಯದರಲ್ಲಿ ಅಣುವಿದ್ಯುತ್ತು ಒಂದಿಷ್ಟು ಅನುಮಾನದೊಂದಿಗೆ ಪಾಸಾಗುತ್ತದೆ. ಎರಡನೆಯದರಲ್ಲಿ ಇನ್ನೂ ಪಾಸಾಗಿಲ್ಲ. ಭೌತವಿಜ್ಞಾನದ ಲೆಕ್ಕ ತಪ್ಪಿ ಹಾಗಾದದ್ದಲ್ಲ. ಎಲೆ ಎತ್ತುವುದು ಯಾರ ಕೆಲಸ ಎಂದು ನಾವು ಇನ್ನೂ ಬರೆದಿಟ್ಟಿಲ್ಲ, ಅಷ್ಟೆ. ಇದು ನನ್ನ ಉತ್ತರ. ಅದಕ್ಕೆ ಹೇಗೆ ಬಂದೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ವಸ್ತುವನ್ನು ಕೈಗೆತ್ತಿಕೊಳ್ಳೋಣ. ಕೈಗಾದಲ್ಲಿರುವುದು 220 ಮೆಗಾವಾಟಿನ ನಾಲ್ಕು ಭಾರಜಲ ರಿಯಾಕ್ಟರುಗಳು (ಭಾರಜಲ ಎಂದರೆ ಭಾರವಾದ ಬಗೆಯ ಹೈಡ್ರೋಜನ್ ಇರುವ ನೀರು). ಒಂದೊಂದರಲ್ಲೂ 306 ಅಡ್ಡ ಕೊಳವೆಗಳಿವೆ, ಪ್ರತಿ ಕೊಳವೆಯೊಳಗೆ ಇಂಧನದ ಕಂತೆಗಳು ಸಾಲಾಗಿ ಕುಳಿತಿರುತ್ತವೆ. ಪ್ರದರ್ಶನವೊಂದರಲ್ಲಿ ಇಂಥ ಕಂತೆಯ ಮಾದರಿಯನ್ನು ಎತ್ತಿ ನೋಡಿದ್ದೇನೆ. ಒಂದು ಮೊಳಕ್ಕಿಂತ ತುಸು ಉದ್ದ, ಎಂಟು ಸೆಂಟಿಮೀಟರ್ ದಪ್ಪ. ಹತ್ತೊಂಬತ್ತು ಲೋಹದ ಕಡ್ಡಿಗಳನ್ನು ಸೌದೆ ಹೊರೆಯಂತೆ ಜೋಡಿಸಿರುತ್ತಾರೆ. ಎತ್ತಿದಾಗ ಕೈ ಜಗ್ಗುತ್ತದೆ, ನಿಜವಾದ ಕಂತೆ ಹದಿನಾರು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಒಳಗಿರುವುದು ನೈಸರ್ಗಿಕ ಯುರೇನಿಯಂ. ರಿಯಾಕ್ಟರಿಗೆ ಹೋಗುವ ಮುನ್ನ ಅದನ್ನು ಕೈಗವಸು ಹಾಕಿಕೊಂಡು ಹಿಡಿಯಬಹುದು. ಹೊರಬಂದ ಮೇಲೆ ಹತ್ತಿರ ನಿಲ್ಲುವುದೂ ಸಾಧ್ಯವಿಲ್ಲ. ಇಡೀ ವಾದ ಇರುವುದು ಈ ‘ಮುನ್ನ’ ಮತ್ತು ‘ಮೇಲೆ’ಗಳ ನಡುವೆ.

ಒಂದು ಕಂತೆಯಿಂದ ಸುಮಾರು 6 ಲಕ್ಷ ಯೂನಿಟ್ ವಿದ್ಯುತ್ ಸಿಗುತ್ತದೆ. ನಿಮ್ಮ ಮನೆಗೆ ತಿಂಗಳಿಗೆ ನೂರು ಯೂನಿಟ್ ಎಂದಿಟ್ಟುಕೊಳ್ಳಿ, ಒಂದೇ ಕಂತೆ ಐನೂರು ವರ್ಷ ಬಾಳಿಕೆ ಬರುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಹಚ್ಚಿದ ದೀಪ ಇವತ್ತು ಆರುತ್ತಿತ್ತು. ಇಷ್ಟೇ ವಿದ್ಯುತ್ತನ್ನು ರಾಯಚೂರಿನ ಶಕ್ತಿನಗರದಂಥ ಉಷ್ಣ ಸ್ಥಾವರದಲ್ಲಿ ಮಾಡಬೇಕಾದರೆ ನಮ್ಮ ದೇಶದ ಕಲ್ಲಿದ್ದಲು 400 ಟನ್ನಿನಷ್ಟು ಬೇಕು, ಅದರಲ್ಲಿ ಮೂರನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಕೈಗಾದ ನಾಲ್ಕೂ ಘಟಕಗಳು ಚೆನ್ನಾಗಿ ನಡೆದರೆ ವರ್ಷಕ್ಕೆ ಹತ್ತು ಸಾವಿರ ಚಿಲ್ಲರೆ ಕಂತೆಗಳು ಖರ್ಚಾಗುತ್ತವೆ, ತೂಕದಲ್ಲಿ 150 ಟನ್ ಯುರೇನಿಯಂನ ಆಸುಪಾಸು. ಅದೇ ವಿದ್ಯುತ್ತಿಗೆ ಕಲ್ಲಿದ್ದಲು ಸುಟ್ಟರೆ ಬೂದಿಯೊಂದೇ ಹದಿನೈದು ಲಕ್ಷ ಟನ್ ದಾಟುತ್ತದೆ. ಬೂದಿ ಹೊಂಡದ ಪಕ್ಕದಲ್ಲಿ ಬಟ್ಟೆ ಒಣಗಿಸುವವರನ್ನು ನಾನು ನೋಡಿದ್ದೇನೆ. ಅಣು ತ್ಯಾಜ್ಯದ ಬಗ್ಗೆ ಮಾತನಾಡುವಾಗ ಯಾರೂ ಅವರನ್ನು ನೆನೆಯುವುದಿಲ್ಲ.

ಹೊಗೆಯ ಲೆಕ್ಕದಲ್ಲಿ ನಿಮ್ಮ ಮಗಳ ಮಾತು ಸರಿ, ಅಲ್ಲಿ ಜಗಳಕ್ಕೆ ಜಾಗವೇ ಇಲ್ಲ. ಗಣಿಯಿಂದ ಹಿಡಿದು ಸ್ಥಾವರ ಕಳಚುವವರೆಗಿನ ಎಲ್ಲವನ್ನೂ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿ 2014ರಲ್ಲಿ ಕೊಟ್ಟ ಮಧ್ಯಮ ಅಂದಾಜಿನ ಪ್ರಕಾರ ಒಂದು ಯೂನಿಟ್‌ಗೆ ಕಲ್ಲಿದ್ದಲು 820 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಬಿಡುತ್ತದೆ, ಅಣುವಿದ್ಯುತ್ತು 12 ಗ್ರಾಂ. ಗಾಳಿ ವಿದ್ಯುತ್ತು ಹೆಚ್ಚುಕಡಿಮೆ ಇಷ್ಟೇ, ಸೌರಫಲಕ 40ರಿಂದ 50 ಗ್ರಾಂ (ಫಲಕದ ಅಂಕಿ ಆಮೇಲೆ ಇನ್ನೂ ಇಳಿದಿದೆ).

ಇನ್ನು ಬಿತ್ತನೆ ಬೀಜದ ಪ್ರಶ್ನೆ. ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ಯುರೇನಿಯಂ ಸುಮಾರು 80 ಲಕ್ಷ ಟನ್, ವರ್ಷದ ಬಳಕೆ 60 ಸಾವಿರ ಟನ್ನಿನ ಮೇಲೆ. ಈಗಿನ ವೇಗದಲ್ಲಿ ಉರಿಸಿದರೆ ನೂರಿಪ್ಪತ್ತು ವರ್ಷ ಎಂದು ಹೇಳುತ್ತಾರೆ. ಈ ಅಂಕಿ ಕೇಳಲು ಚೆಂದ, ಕೈಗಾಕ್ಕೆ ಮಾತ್ರ ಅನ್ವಯಿಸುವುದಿಲ್ಲ. ಏಕೆಂದು ಹೇಳುತ್ತೇನೆ, ಇದು ಹೊರಗೆ ಚರ್ಚೆಯಾಗುವುದು ಕಡಿಮೆ. ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕಾಗಿ 2006ರಲ್ಲಿ ನಮ್ಮ ಸರ್ಕಾರ ರಿಯಾಕ್ಟರುಗಳನ್ನು ಎರಡು ಪಾಲು ಮಾಡಿತು. ಒಂದು ಪಾಲು ಅಂತಾರಾಷ್ಟ್ರೀಯ ತಪಾಸಣೆಗೆ ಒಳಪಡುವಂಥದು, ಅದಕ್ಕೆ ಹೊರದೇಶದ ಯುರೇನಿಯಂ ತರಬಹುದು. ಇನ್ನೊಂದು ಪಾಲು ತಪಾಸಣೆಯ ಹೊರಗೆ, ಅದಕ್ಕೆ ಸ್ವದೇಶಿ ಯುರೇನಿಯಂ ಮಾತ್ರ. ಕೈಗಾದ ನಾಲ್ಕೂ ಘಟಕಗಳು ಎರಡನೆಯ ಪಾಲಿಗೆ ಸೇರಿದವು. ಕಜಾಕಿಸ್ತಾನದಲ್ಲಿ ಎಷ್ಟೇ ಯುರೇನಿಯಂ ಇರಲಿ, ಕೈಗಾದ ಒಲೆಗೆ ಅದರಲ್ಲಿ ಒಂದು ಚೂರೂ ಬೀಳುವಂತಿಲ್ಲ.

ಹಾಗಾದರೆ ಕೈಗಾದ ಬೀಜ ಬರುವುದು ಎಲ್ಲಿಂದ? ಜಾರ್ಖಂಡದ ಜಾದೂಗೋಡಾದಿಂದ, ಅದರ ಸುತ್ತಲ ಗಣಿಗಳಿಂದ, ಈಚಿನ ವರ್ಷಗಳಲ್ಲಿ ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲಿಯಿಂದ. ಈ ಅದಿರುಗಳಲ್ಲಿ ಯುರೇನಿಯಂ ತೀರ ತೆಳು, ಟನ್ ಅದಿರಿನಲ್ಲಿ ಅರ್ಧ ಕೆ.ಜಿ. ಇದ್ದರೆ ಹೆಚ್ಚು. ನಾನು ಮೇಲೆ ಹೇಳಿದ ಒಂದು ಕಂತೆಗೆ ಮೂವತ್ತು ಟನ್ನಿಗೂ ಹೆಚ್ಚು ಕಲ್ಲು ಅಗೆದು, ಪುಡಿಮಾಡಿ, ತೊಳೆಯಬೇಕು. ಉಳಿದ ಕೆಸರು ಗಣಿಯ ಪಕ್ಕದ ಹೊಂಡಕ್ಕೆ ಹೋಗುತ್ತದೆ. ಯುರೇನಿಯಂ ತೆಗೆದರೂ ಅದರ ಮರಿಮಕ್ಕಳಾದ ರೇಡಿಯಂ, ರೇಡಾನ್ ಆ ಕೆಸರಿನಲ್ಲಿ ಉಳಿದುಕೊಳ್ಳುತ್ತವೆ. ಶಿರಸಿಯ ದೀಪದ ಹೊಂಡ ಸಂತಾಲರ ಊರಿನಲ್ಲಿದೆ. ಕೈಗಾದ ಚರ್ಚೆಯಲ್ಲಿ ಕದ್ರಾ, ಮಲ್ಲಾಪುರಗಳ ಹೆಸರು ಬರುತ್ತವೆ, ಜಾದೂಗೋಡಾದ ಹೆಸರು ಎಷ್ಟು ಸಲ ಕೇಳಿದ್ದೀರಿ? 2007ರಿಂದ 2009ರವರೆಗೆ ಈ ಸ್ವದೇಶಿ ಯುರೇನಿಯಂ ಸಾಲದೆ ದೇಶದ ರಿಯಾಕ್ಟರುಗಳು ಅರೆಹೊಟ್ಟೆಯಲ್ಲಿ ನಡೆದವು. ಕೈಗಾದ ನಾಲ್ಕನೇ ಘಟಕ ಇಂಧನಕ್ಕಾಗಿ ಕಾದು ಕುಳಿತು 2011ರ ಜನವರಿಯಲ್ಲಿ ವಾಣಿಜ್ಯ ಉತ್ಪಾದನೆಗೆ ಇಳಿಯಿತು.

ನಮ್ಮ ರಾಜ್ಯದಲ್ಲೂ ಯುರೇನಿಯಂ ಇದೆ, ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ. ಜಾದೂಗೋಡಾಕ್ಕಿಂತ ಗಟ್ಟಿ ಅದಿರು. ಅಲ್ಲಿ ಅನ್ವೇಷಣೆಯ ಗಣಿ ತೋಡಿದರು, ಊರವರು ಎದುರು ನಿಂತರು. ವಿದ್ಯುತ್ತು ನಮಗೆ ಬೇಕು, ಹೊಂಡ ಜಾರ್ಖಂಡದಲ್ಲಿ ಇರಲಿ ಎನ್ನುವ ನಿಲುವು ನನಗೂ ಇರಿಸುಮುರಿಸು ತರುತ್ತದೆ. ಆದರೂ ಕುಡಿಯುವ ನೀರಿಗೇ ಪರದಾಡುವ ಗೋಗಿಯವರಿಗೆ ‘ದೇಶಕ್ಕಾಗಿ ಒಪ್ಪಿಕೊಳ್ಳಿ’ ಎನ್ನುವ ಧೈರ್ಯ ನನಗಿಲ್ಲ.

ಇಲ್ಲಿ ಒಬ್ಬ ಓದುಗರಾದರೂ ‘ಥೋರಿಯಂ ಇದೆಯಲ್ಲ!’ ಎಂದು ಕೈ ಎತ್ತುತ್ತಾರೆಂದು ಗೊತ್ತು. ಹೋಮಿ ಭಾಭಾ ಅವರ ಮೂರು ಹಂತಗಳ ಯೋಜನೆ ನಿಜಕ್ಕೂ ಅದ್ಭುತ ಕಲ್ಪನೆ. (1939ರಲ್ಲಿ ಯುದ್ಧ ಶುರುವಾಗಿ ಕೇಂಬ್ರಿಜ್‌ಗೆ ಮರಳಲಾಗದೆ ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಉಳಿದರು. ಭಾರತದ ಅಣು ಕಾರ್ಯಕ್ರಮದ ಮೊದಲ ಕಾಗದಗಳು ಬರೆಯಲ್ಪಟ್ಟದ್ದು ಆ ವರ್ಷಗಳಲ್ಲಿ. ಮುಂದೆ ಅದನ್ನು ನಡೆಸಿದವರಲ್ಲೂ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಬೆಂಗಳೂರಿನ ಎಂ.ಆರ್. ಶ್ರೀನಿವಾಸನ್ ಇದ್ದರು. ಕನ್ನಡಿಗರು ಈ ಜಗಳದ ಎರಡೂ ಕಡೆ ಮೊದಲಿನಿಂದ ಇದ್ದಾರೆ.) ಮೊದಲ ಹಂತವಾದ ಕೈಗಾದಂಥ ರಿಯಾಕ್ಟರು ಯುರೇನಿಯಂನ ನೂರರಲ್ಲಿ ಒಂದು ಪಾಲನ್ನಷ್ಟೇ ಉರಿಸುತ್ತದೆ. ನೂರು ರೂಪಾಯಿಯ ನೋಟು ಕೊಟ್ಟು ಒಂದು ರೂಪಾಯಿಯ ಕಡ್ಡಿಪೆಟ್ಟಿಗೆ ಕೊಂಡು ಚಿಲ್ಲರೆ ಬಿಟ್ಟು ಬಂದಂತೆ. ಆ ಚಿಲ್ಲರೆಯನ್ನು ವೇಗದ ರಿಯಾಕ್ಟರುಗಳಲ್ಲಿ (ವೇಗವಾಗಿ ಚಲಿಸುವ ನ್ಯೂಟ್ರಾನುಗಳಿಂದ ನಡೆಯುವಂಥವು) ಉರಿಸುತ್ತ ಹೊಸ ಇಂಧನ ಹುಟ್ಟಿಸುವುದು ಎರಡನೇ ಹಂತ, ಕೇರಳ, ತಮಿಳುನಾಡು, ಒಡಿಶಾಗಳ ಕಡಲ ಮರಳಿನ ಥೋರಿಯಂ ಬಳಸುವುದು ಮೂರನೇ ಹಂತ. ಇದು ಫಲಿಸಿದರೆ ನೂರಾರು ವರ್ಷಗಳಿಗೆ ಬೀಜ ಸಾಲುತ್ತದೆ.

ಫಲಿಸಿದರೆ ಎಂದೆ. ಕಲ್ಪಾಕ್ಕಂನ 500 ಮೆಗಾವಾಟಿನ ಮಾದರಿ ವೇಗದ ರಿಯಾಕ್ಟರಿನ ಕಾಮಗಾರಿ ಆರಂಭವಾದದ್ದು 2004ರಲ್ಲಿ, ಅದರ ಗರ್ಭಕ್ಕೆ ಇಂಧನ ಜೋಡಿಸಲು ಶುರುಮಾಡಿದ್ದು 2024ರಲ್ಲಿ. ಶುರುವಿನಲ್ಲಿ ಕೆಲಸಕ್ಕೆ ಸೇರಿದ ತರುಣನ ತಲೆ ಅಷ್ಟರೊಳಗೆ ನರೆತಿರುತ್ತದೆ. ಫ್ರಾನ್ಸ್ ತನ್ನ ಸೂಪರ್‌ಫೀನಿಕ್ಸ್ ಅನ್ನು ಮುಚ್ಚಿತು. ಜಪಾನಿನ ಮೊಂಜು 1995ರ ಸೋಡಿಯಂ ಸೋರಿಕೆಯ ನಂತರ ಚೇತರಿಸಿಕೊಳ್ಳಲೇ ಇಲ್ಲ. ದಶಕಗಳಿಂದ ಇಂಥ ದೊಡ್ಡ ರಿಯಾಕ್ಟರುಗಳನ್ನು ನಡೆಸಿಕೊಂಡು ಬಂದಿರುವುದು ರಷ್ಯಾ. ಥೋರಿಯಂ ಎನ್ನುವುದು ನಮ್ಮ ಅಜ್ಜ ನೆಟ್ಟ ಮರ, ನಮ್ಮ ಮೊಮ್ಮಕ್ಕಳು ಹಣ್ಣು ತಿಂದರೆ ಸಂತೋಷ. ಇವತ್ತಿನ ಊಟದ ಲೆಕ್ಕದಲ್ಲಿ ಅದನ್ನು ಸೇರಿಸಬಾರದು.

ಈಗ ನನ್ನ ಕಸುಬಿನ ಮಾತು. ವಿದ್ಯುತ್ ರವಾನೆಯ ನಿಯಂತ್ರಣ ಕೊಠಡಿಯಲ್ಲಿ ಕುಳಿತವನಿಗೆ ಪ್ರತಿ ಸ್ಥಾವರಕ್ಕೂ ಒಂದು ಸ್ವಭಾವ ಇರುವಂತೆ ಕಾಣುತ್ತದೆ. ಶರಾವತಿ ಕರೆದ ತಕ್ಷಣ ಎದ್ದು ಬರುವ ಮಗಳು. ಪಾವಗಡದ ಸೌರ ಉದ್ಯಾನ ಹಗಲು ಮೈಮುರಿದು ದುಡಿದು ಸಂಜೆ ಆರೂವರೆಗೆ ಪಾತ್ರೆ ತೊಳೆದಿಟ್ಟು ಹೊರಟುಬಿಡುತ್ತದೆ, ಸರಿಯಾಗಿ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ. ಕೈಗಾ ಮನೆಯ ಹಿರಿಯನಂತೆ. ಮಾತು ಕೇಳುವುದಿಲ್ಲ, ಹೆಚ್ಚು ಮಾಡು ಕಡಿಮೆ ಮಾಡು ಎಂದರೆ ಒಪ್ಪುವುದಿಲ್ಲ, ಆದರೆ ಹಗಲಿರುಳು ಇದ್ದಲ್ಲಿ ಇದ್ದೇ ಇರುತ್ತದೆ. ಅದರ ಮೊದಲ ಘಟಕ 2016ರ ಮೇ 13ರಂದು ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆಯಿತು. ಅದು ಆಗ ವಿಶ್ವದಾಖಲೆ, ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ ಅದನ್ನು ಮುರಿಯಿತು. ಭಾರಜಲ ರಿಯಾಕ್ಟರಿಗೆ ಇಂಧನ ತುಂಬಲು ಒಲೆ ಆರಿಸಬೇಕಾಗಿಲ್ಲ. ಕೊಳವೆಯ ಎರಡೂ ತುದಿಗೆ ಯಂತ್ರಗಳು ಬಂದು ಕಚ್ಚಿಕೊಳ್ಳುತ್ತವೆ, ಒಂದು ಹೊಸ ಕಂತೆ ತಳ್ಳಿದರೆ ಇನ್ನೊಂದು ಹಳೆಯದನ್ನು ತೆಗೆದುಕೊಳ್ಳುತ್ತದೆ. ದಾಖಲೆಯ ಹಿಂದಿನ ಗುಟ್ಟು ಅದು.

ಅಂದ ಹಾಗೆ, ಅದೇ ಮೊದಲ ಘಟಕದ ಗುಮ್ಮಟದ ಒಳಪದರ ಕಟ್ಟುವಾಗಲೇ ಕಳಚಿ ಬಿದ್ದು ಕಾರ್ಮಿಕರು ಗಾಯಗೊಂಡದ್ದು 1994ರಲ್ಲಿ, ಅದೂ ಮೇ 13ರಂದೇ. ಕಾಕತಾಳೀಯವೇ ಸರಿ. ಆದರೆ ಕೈಗಾವನ್ನು ಹೊಗಳುವವರು ಒಂದು ತಾರೀಖನ್ನು, ತೆಗಳುವವರು ಇನ್ನೊಂದನ್ನು ನೆನಪಿಟ್ಟುಕೊಂಡಿರುವುದನ್ನು ನೋಡಿದ್ದೇನೆ.

ಪಾವಗಡದ್ದು 2,050 ಮೆಗಾವಾಟ್, ಕೈಗಾದ್ದು 880. ಹಾಗಿದ್ದೂ ವರ್ಷದ ಕೊನೆಗೆ ಯೂನಿಟ್ ಎಣಿಸಿದರೆ ಕೈಗಾದ ಉತ್ಪಾದನೆ ಪಾವಗಡಕ್ಕಿಂತ ಸುಮಾರು ಒಂದೂವರೆ ಪಟ್ಟು. ಪಾವಗಡಕ್ಕೆ 13 ಸಾವಿರ ಎಕರೆ ಬೇಕಾಯಿತು. ರೈತರ ಜಮೀನನ್ನು ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಜಮೀನಿದ್ದವರು ಸುಧಾರಿಸಿಕೊಂಡರು, ಕುರಿ ಮೇಯಿಸುವವರಿಗೆ ಮೇವಿನ ಜಾಗ ಹೋಯಿತು. ಇದನ್ನು ಸೌರವಿದ್ಯುತ್ತಿನ ವಿರುದ್ಧ ಹೇಳುತ್ತಿಲ್ಲ. ಫಲಕದ ಬೆಲೆ ಈ ಹದಿನೈದು ವರ್ಷಗಳಲ್ಲಿ ಇಳಿದಂತೆ ನಾನು ಬೇರೆ ಯಾವ ವಿದ್ಯುತ್ ಸಾಮಗ್ರಿಯ ಬೆಲೆಯೂ ಇಳಿದದ್ದನ್ನು ಕಂಡಿಲ್ಲ. ಹಗಲಿನ ವಿದ್ಯುತ್ತಿಗೆ ಇನ್ನು ಮುಂದೆ ಅದೇ ಸರಿ. ಪ್ರಶ್ನೆ ಇರುವುದು ಸಂಜೆಯದು. ಸಂಜೆಗೆ ಕಲ್ಲಿದ್ದಲು ಬೇಡ, ಅಣುವೂ ಬೇಡ ಎಂದಾದರೆ ಹಗಲಿನ ವಿದ್ಯುತ್ತನ್ನು ಎಲ್ಲಾದರೂ ಕೂಡಿಡಬೇಕು. ಬ್ಯಾಟರಿಗಳು ಬರುತ್ತಿವೆ. ಸರ್ಕಾರದ ಕಣ್ಣು ಮಾತ್ರ ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವಾಟಿನ ಯೋಜನೆಯ ಮೇಲಿದೆ, ಸಿಂಗಳೀಕಗಳ ಅಭಯಾರಣ್ಯದ ಒಳಗೆ. ಕೈಗಾ ಬೇಡವೆಂದವರು ಶರಾವತಿಯಲ್ಲೂ ಬೇಡ ಎನ್ನುತ್ತಿದ್ದಾರೆ, ನಾನೂ ಅವರ ಜೊತೆಗಿದ್ದೇನೆ. ಆದರೆ ಎರಡನ್ನೂ ಬೇಡ ಎನ್ನುವವರು ಸಂಜೆ ಏಳು ಗಂಟೆಗೆ ಏನು ಮಾಡೋಣ ಎಂದೂ ಹೇಳಬೇಕಾಗುತ್ತದೆ. ನಿಯಂತ್ರಣ ಕೊಠಡಿಯವನಿಗೆ ಆ ಗಂಟೆ ಪ್ರತಿದಿನ ಬರುತ್ತದೆ.

ಅಪಘಾತದ ಭಯದ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಚೆರ್ನೋಬಿಲ್ 1986, ಫುಕುಶಿಮಾ 2011. ಫುಕುಶಿಮಾದಲ್ಲಿ ವಿಕಿರಣದಿಂದ ಸತ್ತರೆಂದು ಜಪಾನ್ ಸರ್ಕಾರ ಒಪ್ಪಿಕೊಂಡದ್ದು ಒಬ್ಬರನ್ನು. ತರಾತುರಿಯ ಸ್ಥಳಾಂತರದ ಬವಣೆಯಲ್ಲಿ ಸತ್ತವರು, ಹೆಚ್ಚಿನವರು ಮುದುಕರು, ಎರಡು ಸಾವಿರಕ್ಕೂ ಮೇಲೆ. ಯೂನಿಟ್ ಲೆಕ್ಕದಲ್ಲಿ ಕಲ್ಲಿದ್ದಲಿನ ಹೊಗೆ ಅಣುವಿಗಿಂತ ನೂರಾರು ಪಟ್ಟು ಹೆಚ್ಚು ಜನರನ್ನು ಕೊಲ್ಲುತ್ತದೆ, ಸದ್ದಿಲ್ಲದೆ. ಆದರೂ ಒಂದೇ ರಾತ್ರಿಯಲ್ಲಿ ಊರು ಬಿಟ್ಟು ಹೋಗಿ, ತೋಟಕ್ಕೆ ಮತ್ತೆ ಕಾಲಿಡದಂತಾಗುವ ನಷ್ಟವನ್ನು ಸಾವಿನ ಲೆಕ್ಕ ಅಳೆಯಲಾರದು. ನೀವು ಮೂರು ತಲೆಮಾರಿನ ಅಡಿಕೆ ತೋಟ ಇಟ್ಟುಕೊಂಡವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೈಗಾದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಬೇರೆ ಘಟನೆ. 2009ರ ನವೆಂಬರಿನಲ್ಲಿ ಸಿಬ್ಬಂದಿಯ ಮೂತ್ರ ಪರೀಕ್ಷೆಯಲ್ಲಿ ಟ್ರಿಷಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹೆಚ್ಚಿರುವುದು ಕಂಡುಬಂತು. ಹುಡುಕಿದರೆ ಕುಡಿಯುವ ನೀರಿನ ಕೂಲರಿನಲ್ಲಿ ಭಾರಜಲ ಬೆರೆತಿತ್ತು, ಯಾರೋ ಒಳಗಿನವರೇ ಸುರಿದಿದ್ದರು. ಐವತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಕೊಡಬೇಕಾಯಿತು. ಪ್ರಾಣಾಪಾಯವೇನೂ ಆಗಲಿಲ್ಲ. ಆದರೆ ಮೂರು ಅಡಿ ಕಾಂಕ್ರೀಟು, ತುರ್ತು ಪಂಪು, ತಾನೇ ಬೀಳುವ ನಿಯಂತ್ರಣ ಸರಳು ಎಂದು ನಾವು ಎಂಜಿನಿಯರುಗಳು ಮಾತಾಡುತ್ತಿದ್ದಾಗ, ಸಂಗತಿ ನಡೆದದ್ದು ನೀರು ಕುಡಿಯುವ ಮೂಲೆಯಲ್ಲಿ.

ಎರಡನೇ ಅಳತೆಗೋಲು, ಉಂಡ ಎಲೆ. ರಿಯಾಕ್ಟರಿನಿಂದ ಹೊರಬಂದ ಕಂತೆ ಮೊದಲು ಸ್ಥಾವರದ ಆವರಣದಲ್ಲೇ ಆಳವಾದ ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣ್ಣಗಾಗುತ್ತದೆ. ನಮ್ಮ ದೇಶದ ನೀತಿಯ ಪ್ರಕಾರ ಅದು ತ್ಯಾಜ್ಯ ಅಲ್ಲ, ಕಚ್ಚಾವಸ್ತು. ಕರಗಿಸಿ ಪ್ಲುಟೋನಿಯಂ, ಯುರೇನಿಯಂ ಬೇರ್ಪಡಿಸುತ್ತಾರೆ. ಉಳಿದ ತೀವ್ರ ವಿಕಿರಣದ ದ್ರವವನ್ನು ಗಾಜಿನೊಳಗೆ ಕರಗಿಸಿ ಉಕ್ಕಿನ ಡಬ್ಬಿಗಳಿಗೆ ಹೊಯ್ಯುತ್ತಾರೆ. ಈ ಕೆಲಸದಲ್ಲಿ ನಮ್ಮವರು ಪಳಗಿದವರು, ಅದನ್ನು ಅಲ್ಲಗಳೆಯುವುದಿಲ್ಲ. ಡಬ್ಬಿಯೊಳಗಿನ ಸೀಸಿಯಂ, ಸ್ಟ್ರಾನ್ಷಿಯಂಗಳ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು ಮೂವತ್ತು ವರ್ಷ. ಮುನ್ನೂರು ವರ್ಷ ಕಾದರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಪ್ಲುಟೋನಿಯಂನ ಅರ್ಧಾಯುಷ್ಯ 24 ಸಾವಿರ ವರ್ಷ, ಅದನ್ನು ಪೂರ್ತಿ ಬೇರ್ಪಡಿಸಿ ಉರಿಸಿದರಷ್ಟೇ ಈ ಮುನ್ನೂರು ವರ್ಷದ ಮಾತಿಗೆ ಅರ್ಥ. ಉರಿಸುವ ಒಲೆ ಯಾವುದು ಎಂದರೆ ಮತ್ತೆ ಕಲ್ಪಾಕ್ಕಂನ ಆ ವೇಗದ ರಿಯಾಕ್ಟರಿಗೇ ಬರಬೇಕು.

ಎಷ್ಟೇ ಬೇರ್ಪಡಿಸಿದರೂ ಕೊನೆಗೆ ಭೂಮಿಯೊಳಗೆ ಆಳದಲ್ಲಿ ಒಂದು ಜಾಗ ಬೇಕೇ ಬೇಕು. ಅದು ಅಸಾಧ್ಯವಲ್ಲ, ನಿಸರ್ಗವೇ ಒಮ್ಮೆ ಮಾಡಿ ತೋರಿಸಿದೆ. ಆಫ್ರಿಕಾದ ಗಬಾನ್ ದೇಶದ ಓಕ್ಲೋದಲ್ಲಿ ಸುಮಾರು ಇನ್ನೂರು ಕೋಟಿ ವರ್ಷಗಳ ಹಿಂದೆ ಯುರೇನಿಯಂ ಅದಿರು ನೀರಿನ ಜೊತೆ ಸೇರಿ ತಾನೇ ರಿಯಾಕ್ಟರಿನಂತೆ ಉರಿದಿತ್ತು. ಫ್ರೆಂಚರು ಅದನ್ನು ಪತ್ತೆಹಚ್ಚಿದ್ದು 1972ರಲ್ಲಿ. ಅಲ್ಲಿ ಹುಟ್ಟಿದ ಪ್ಲುಟೋನಿಯಂ ಹುಟ್ಟಿದ ಜಾಗದಿಂದ ಹೆಚ್ಚೇನೂ ಸರಿಯದೆ ಅಲ್ಲೇ ಕ್ಷಯಿಸಿದೆ. ಫಿನ್‌ಲೆಂಡಿನವರು ಒಲ್ಕಿಲುಒಟೊ ದ್ವೀಪದಲ್ಲಿ ನಾನೂರು ಮೀಟರಿಗಿಂತ ಆಳದ ಬಂಡೆಯಲ್ಲಿ ಸುರಂಗ ಕೊರೆದು, ತಾಮ್ರದ ಹೊದಿಕೆಯ ಡಬ್ಬಿಗಳನ್ನು ಜೇಡಿಯಲ್ಲಿ ಹೂಳುವ ವ್ಯವಸ್ಥೆ ಕಟ್ಟಿದ್ದಾರೆ. ಅಲ್ಲಿನ ಊರವರ ಸಭೆಗೆ ಬೇಡ ಎನ್ನುವ ಹಕ್ಕಿತ್ತು, ಆದರೂ ಅವರು ಬೇಕು ಎಂದರು. ನನಗೆ ಬಂಡೆಗಿಂತ ಮುಖ್ಯ ಅನ್ನಿಸುವುದು ಆ ಸಭೆ.

ನಮ್ಮಲ್ಲಿ ಏನಾಯಿತು ನೋಡಿ. 1980ರ ದಶಕದಲ್ಲಿ ಕೆಜಿಎಫ್ ಚಿನ್ನದ ಗಣಿಯ ಸುಮಾರು ಒಂದು ಕಿಲೋಮೀಟರ್ ಆಳದ ಕೋಣೆಯಲ್ಲಿ ವಿದ್ಯುತ್ ಹೀಟರುಗಳನ್ನಿಟ್ಟು ಬಂಡೆ ಶಾಖವನ್ನು ಹೇಗೆ ತಾಳಿಕೊಳ್ಳುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದರು. ತ್ಯಾಜ್ಯ ಇಡಲಿಲ್ಲ, ಬರೀ ಶಾಖದ ಪರೀಕ್ಷೆ. ಒಳ್ಳೆಯ ವಿಜ್ಞಾನ. ಅದರ ಬಗ್ಗೆ ಕೋಲಾರದವರಿಗೆ ಯಾರೂ ಕುಳಿತು ವಿವರಿಸಿದಂತಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಸಾವಿರಾರು ಮನೆಗಳ ಅನ್ನ ಹೋಯಿತು. 2012ರ ನವೆಂಬರಿನಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಕಡೆಯಿಂದ ಕೆಜಿಎಫ್ ಹೆಸರು ಬಂತು, ಅಣು ತ್ಯಾಜ್ಯವನ್ನು ಅಲ್ಲಿ ಇಡಬಹುದೆಂದು. ಕೋಲಾರದವರಿಗೆ ಸುದ್ದಿ ಸಿಕ್ಕಿದ್ದು ಪತ್ರಿಕೆಗಳಿಂದ. ಜಿಲ್ಲೆ ಭುಗಿಲೆದ್ದಿತು, ಕೆಲವೇ ದಿನಗಳಲ್ಲಿ ಸರ್ಕಾರ ಅಂಥ ಯೋಚನೆ ಇಲ್ಲ ಎಂದಿತು. ಅಲ್ಲಿಗೆ ಮುಗಿಯಿತು. ಅಗತ್ಯ ಬೀಳಲು ಇನ್ನೂ ದಶಕಗಳಿವೆ ಎನ್ನುವುದು ಅಣುಶಕ್ತಿ ಇಲಾಖೆಯ ಧೋರಣೆ. ತಾಂತ್ರಿಕವಾಗಿ ಅದು ಸುಳ್ಳಲ್ಲ, ನಮ್ಮ ತ್ಯಾಜ್ಯದ ಮೊತ್ತ ಇನ್ನೂ ಚಿಕ್ಕದು. ಆದರೆ ಊಟ ಮುಗಿದ ಮೇಲೆ ಎಲೆ ಎತ್ತುವವರನ್ನು ಹುಡುಕುತ್ತೇವೆ ಎಂದು ಪಂಕ್ತಿಗೆ ಕುಳಿತಂತಾಯಿತು.

ಖರ್ಚು, ಕಾಲದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಫಿನ್‌ಲೆಂಡಿನ ಒಲ್ಕಿಲುಒಟೊ-3 ರಿಯಾಕ್ಟರು 2005ರಲ್ಲಿ ಶುರುವಾಗಿ ಪೂರ್ಣ ಪ್ರಮಾಣದ ಉತ್ಪಾದನೆಗೆ ಬಂದದ್ದು 2023ರಲ್ಲಿ. ಫ್ರಾನ್ಸಿನ ಫ್ಲಮನ್‌ವಿಲ್-3 ಆರಂಭ 2007, ಜಾಲಕ್ಕೆ ಸೇರಿದ್ದು 2024ರ ಡಿಸೆಂಬರ್. ನಮ್ಮವು ಅಷ್ಟು ದುಬಾರಿಯಲ್ಲ, ಆದರೂ ಗುಜರಾತಿನ ಕಾಕ್ರಪಾರದ ಮೊದಲ 700 ಮೆಗಾವಾಟ್ ಘಟಕಕ್ಕೆ 2010ರಿಂದ 2023ರವರೆಗೆ ಹಿಡಿಯಿತು. 2047ಕ್ಕೆ ಒಂದು ಲಕ್ಷ ಮೆಗಾವಾಟ್ ಎಂದು ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಸಾರಿದೆ. ಎಪ್ಪತ್ತು ವರ್ಷ ದುಡಿದು ನಾವು ಕಟ್ಟಿದ್ದು ಒಂಬತ್ತು ಸಾವಿರದೊಳಗೆ, ದೇಶದ ವಿದ್ಯುತ್ತಿನಲ್ಲಿ ಅದರ ಪಾಲು ನೂರಕ್ಕೆ ಮೂರು. ನಾನು ಆ ಗುರಿಯನ್ನು ಆಶೀರ್ವಾದ ಎಂದು ಓದಿಕೊಂಡೆ, ಯೋಜನೆ ಎಂದು ಅಲ್ಲ. ಹವಾಮಾನ ಬದಲಾವಣೆಯನ್ನು ತಡೆಯಲು ನಮಗಿರುವ ಮುಂದಿನ ಹದಿನೈದು ವರ್ಷಗಳಲ್ಲಿ ಭಾರ ಹೊರುವುದು ಸೌರ ಮತ್ತು ಗಾಳಿ ವಿದ್ಯುತ್ತೇ. ನಿಮ್ಮ ಮಗಳಿಗೆ ಇದೊಂದನ್ನು ನನ್ನ ಪರವಾಗಿ ಹೇಳಿ.

ಹಾಗಾದರೆ ನಾನು ಏನು ಮಾಡಬೇಕೆನ್ನುತ್ತೇನೆ? ಇರುವ ಕೈಗಾ ಘಟಕಗಳನ್ನು ಅವುಗಳ ಆಯಸ್ಸು ಇರುವವರೆಗೂ ನಡೆಸಬೇಕು. ಕಟ್ಟಿ ಆಗಿದೆ, ಕಾಡು ಮುಳುಗಿ ಆಗಿದೆ. ಜರ್ಮನಿ 2023ರ ಏಪ್ರಿಲ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕೊನೆಯ ಮೂರು ರಿಯಾಕ್ಟರುಗಳನ್ನು ಮುಚ್ಚಿ ಕಲ್ಲಿದ್ದಲನ್ನು ಉಳಿಸಿಕೊಂಡದ್ದು ನನಗೆ ಈಗಲೂ ಅರ್ಥವಾಗುವುದಿಲ್ಲ. ಕೈಗಾದ ಆವರಣದಲ್ಲೇ ಬರಲಿರುವ 700 ಮೆಗಾವಾಟಿನ ಐದು ಮತ್ತು ಆರನೇ ಘಟಕಗಳಿಗೂ ನನ್ನ ಒಪ್ಪಿಗೆ ಇದೆ, ಆದರೆ ಹಿಂಜರಿಕೆಯೊಂದಿಗೆ. ರಿಯಾಕ್ಟರಿನ ಶಾಖದಲ್ಲಿ ಮೂರನೇ ಒಂದು ಪಾಲೂ ವಿದ್ಯುತ್ತಾಗುವುದಿಲ್ಲ, ಉಳಿದದ್ದನ್ನು ಕಾಳಿ ನದಿಯ ಕದ್ರಾ ಹಿನ್ನೀರು ಈಗಾಗಲೇ ಹೊರುತ್ತಿದೆ. 2019ರಲ್ಲಿ, 2021ರಲ್ಲಿ ಕದ್ರಾದ ಗೇಟು ತೆರೆದಾಗ ಕೆಳಗಿನ ಊರುಗಳು ಮುಳುಗಿದ್ದನ್ನೂ ಕಂಡಿದ್ದೇವೆ. ಘಟ್ಟದ ಬೇರೆ ಯಾವ ಕಣಿವೆಗೂ ಹೊಸ ಸ್ಥಾವರ ಬರಕೂಡದು. ಮತ್ತು ಆಳದ ಭಂಡಾರದ ಜಾಗ ಗೊತ್ತಾಗುವವರೆಗೆ, ಆ ಊರಿನವರು ಫಿನ್‌ಲೆಂಡಿನವರಂತೆ ಬೇಡ ಎನ್ನುವ ಹಕ್ಕಿಟ್ಟುಕೊಂಡು ಒಪ್ಪುವವರೆಗೆ, ಯಾರೂ ಇದನ್ನು ಸುಸ್ಥಿರ ಎಂದು ಕರೆಯಬಾರದು. ಕಡಿಮೆ ಇಂಗಾಲದ ವಿದ್ಯುತ್ತು ಎನ್ನಲಿ, ಅದು ನಿಜ.

1989ರಲ್ಲಿ ನೀವು ಭಿತ್ತಿಪತ್ರ ಹಚ್ಚಿದ್ದು ತಪ್ಪೇ ಎಂದರೆ, ನನಗೆ ಹಾಗನ್ನಿಸುವುದಿಲ್ಲ. ಕಾರಂತರು ಸೋತರು, ಸ್ಥಾವರ ಬಂತು. ಆದರೆ ನಿಯಮ ಹೇಳಿದೆ ಎಂದು ಮಾಡುವ ತಪಾಸಣೆಗೂ, ಊರವರು ನೋಡುತ್ತಿದ್ದಾರೆ ಎಂದು ಮಾಡುವ ತಪಾಸಣೆಗೂ ವ್ಯತ್ಯಾಸ ಇದೆ ಎಂದು ಸರ್ಕಾರಿ ಕೆಲಸದಲ್ಲಿ ಇದ್ದ ಯಾರನ್ನು ಬೇಕಾದರೂ ಕೇಳಿ.

ಕೊನೆಗೆ ನಿಮ್ಮ ಎರಡನೇ ಪ್ರಶ್ನೆ, ಕೈಗಾ ಮುಚ್ಚುವ ದಿನ. ರಿಯಾಕ್ಟರು ಆರಿಸುವುದು ಸುಲಭ, ಕಳಚುವುದು ಕಷ್ಟ. ಇಂಧನ ತೆಗೆದು, ಭಾರಜಲ ಬಸಿದು, ವಿಕಿರಣ ಇಳಿಯಲೆಂದು ದಶಕಗಳ ಕಾಲ ಬೀಗ ಹಾಕಿ ಕಾಯುವುದು ಒಂದು ಕ್ರಮ. ಆ ಖರ್ಚಿಗಾಗಿ ನಮ್ಮ ಅಣುವಿದ್ಯುತ್ತಿನ ದರದಲ್ಲಿ ಹಲವು ವರ್ಷಗಳಿಂದ ಯೂನಿಟ್‌ಗೆ 2 ಪೈಸೆ ತೆಗೆದಿಡುತ್ತ ಬಂದಿದ್ದಾರೆ. ಇಡೀ ಕೈಗಾದಿಂದ ವರ್ಷಕ್ಕೆ ಹದಿನಾಲ್ಕು ಕೋಟಿ ರೂಪಾಯಿಯಷ್ಟು ಆಗುತ್ತದೆ. ನಲವತ್ತು ವರ್ಷಕ್ಕೆ, ಬಡ್ಡಿ ಬಿಟ್ಟರೆ, ಐನೂರ ಅರವತ್ತು ಕೋಟಿ. ಇದು ನಾಲ್ಕು ರಿಯಾಕ್ಟರು ಕಳಚಲು ಸಾಲುತ್ತದೆಯೇ? ಹೋಲಿಕೆಗೆ ಅಮೆರಿಕದ ಮೇಯ್ನ್ ರಾಜ್ಯದ ಮೇಯ್ನ್ ಯಾಂಕಿ ಸ್ಥಾವರವನ್ನು ತೆಗೆದುಕೊಳ್ಳಿ. ಕೈಗಾದ ನಾಲ್ಕೂ ಘಟಕ ಸೇರಿದಷ್ಟೇ ದೊಡ್ಡದು. 1997ರಲ್ಲಿ ಮುಚ್ಚಿದರು, 2005ಕ್ಕೆ ಗುಮ್ಮಟವನ್ನೂ ಉರುಳಿಸಿ ನೆಲ ಸಮ ಮಾಡಿ ಮುಗಿಸಿದರು. ಐವತ್ತು ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ಅಮೆರಿಕಕ್ಕೂ ಆಳದ ಭಂಡಾರ ಇಲ್ಲದ್ದರಿಂದ ಬಳಸಿದ ಇಂಧನ ಮಾತ್ರ ಎಲ್ಲಿಗೂ ಹೋಗಲಿಲ್ಲ. ಸ್ಥಾವರ ಇದ್ದ ಜಾಗದಲ್ಲಿ ಈಗ ಹುಲ್ಲು ಬೆಳೆದಿದೆ. ಪಕ್ಕದಲ್ಲಿ ಬೇಲಿ ಹಾಕಿದ ಕಾಂಕ್ರೀಟು ಅಂಗಳ, ಅದರ ಮೇಲೆ ಅರವತ್ತು ಚಿಲ್ಲರೆ ಕಾಂಕ್ರೀಟು ಪೀಪಾಯಿಗಳು ಸಾಲಾಗಿ ನಿಂತಿವೆ. ವಿದ್ಯುತ್ತು ನಿಂತು ಕಾಲು ಶತಮಾನ ಕಳೆದರೂ ಅಲ್ಲಿ ಹಗಲಿರುಳು ಪಾಳಿಯಲ್ಲಿ ಬಂದೂಕುಧಾರಿ ಕಾವಲುಗಾರರು ಇದ್ದಾರೆ.